ಕಿವಿಗೆ ಹೊಕ್ಕ ಮರುಭೂಮಿಯ ಪತಂಗ

ಆ ಮಧ್ಯಾಹ್ನ ಒಳನಾಡಿನ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು. ಸಿಡ್ನಿಯ ಹೊರವಲಯದ ದಿ ಪಾಂಡ್ಸ್‌ನ ನಮ್ಮ ಮನೆಯ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಬೆಡ್‌ಶೀಟ್ ಎಳೆದು ಹೆಗಲಿಗೆ ಹಾಕಿಕೊಳ್ಳುವಾಗ ಅದರ ಮಡಿಕೆಯಿಂದ ಏನೋ ಹಾರಿ ನನ್ನ ಬಲಗಿವಿಯೊಳಗೆ ನುಗ್ಗಿತು.

ಕಿರುಬೆರಳು ಹಾಕಿದೆ. ಅದು ಇನ್ನೂ ಒಳಗೆ ಸರಿಯಿತು. ಆಮೇಲೆ ಶುರುವಾದ ಸದ್ದು ಹೊರಗೆ ಯಾರಿಗೂ ಕೇಳುವಂಥದ್ದಲ್ಲ, ನನ್ನ ತಲೆಯೊಳಗೆ ಮಾತ್ರ ಪಟಪಟ ಬಡಿಯುತ್ತಿತ್ತು. ಮೆದುಳಿಗೇ ಹೋಗಿಬಿಡುತ್ತದೆ ಅನ್ನಿಸಿತು. ಹಾಗೆಲ್ಲ ಆಗುವುದಿಲ್ಲ ಅಂತ ಗೊತ್ತಿದ್ದೂ, ಒಳಗೆ ಓಡಿ ಹೇರ್‌ಪಿನ್ ಕೈಗೆತ್ತಿಕೊಂಡಿದ್ದೆ. ಮಗಳು ನನ್ನ ಕೈ ಹಿಡಿದಳು.

"ಅಮ್ಮಾ, ಡೋಂಟ್. ಪ್ಲೀಸ್," ಅಂದವಳು ಓಡಿಹೋಗಿ ಪಕ್ಕದ ಮನೆಯ ಆಂಟಿಯನ್ನು ಕರೆತಂದಳು. ಅವರು ಮೈಸೂರಿನಲ್ಲಿ ಡಾಕ್ಟರಾಗಿದ್ದು ರಿಟೈರ್ ಆದವರು.

"ಕಿವಿ ಸೋರೋದು, ತೂತಾಗಿರೋದು ಏನಾದ್ರೂ ಇತ್ತಾ?" ಅಂತ ಕೇಳಿದರು. ಇಲ್ಲ ಅಂದೆ. "ಹಾಗಾದ್ರೆ ಮಗ್ಗುಲಾಗಿ ಮಲಕ್ಕೋಮ್ಮ. ಎಣ್ಣೆ ಬಿಡ್ತೀನಿ. ಸ್ವಲ್ಪ ಹೊತ್ತು ಜೋರಾಗಿ ಒದ್ದಾಡುತ್ತೆ, ಹೆದರ್ಬೇಡ."

ಎಣ್ಣೆ ಇಳಿದಾಗ ಅದು ಹುಚ್ಚೆದ್ದು ಬಡಿದುಕೊಂಡಿತು. ಆಂಟಿಯ ಮಣಿಕಟ್ಟು ಹಿಡಿದುಕೊಂಡು ಅತ್ತುಬಿಟ್ಟೆ. ಬಡಿತ ನಿಧಾನವಾಗಿ, ಕೊನೆಗೆ ನಿಂತಿತು. ಆಗ ಇನ್ನೂ ಹೆದರಿಕೆಯಾಯಿತು. ಸತ್ತದ್ದೊಂದು ನನ್ನೊಳಗೆ ಇತ್ತಲ್ಲ.

ಆಂಟಿಯೇ ಕಾರಿನಲ್ಲಿ ಬ್ಲ್ಯಾಕ್‌ಟೌನ್‌ನ ಕ್ಲಿನಿಕ್ಕಿಗೆ ಕರೆದೊಯ್ದರು. ಅಲ್ಲಿನ ಡಾಕ್ಟರು ಚಿಮಟದಿಂದ ಅದನ್ನು ಹೊರತೆಗೆದು ಹತ್ತಿಯ ಮೇಲಿಟ್ಟರು. ಒಂದು ಪುಟ್ಟ ಪತಂಗ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಮರಳಿನ ಬಣ್ಣದ ಮುಂದಿನ ರೆಕ್ಕೆಗಳು, ಮೇಲೊಂದು ಮಾಸಲು ಕಂದು ಪಟ್ಟೆ. ಹಿಂದಿನ ರೆಕ್ಕೆಗಳು ಬಿಳಿಚಿಕೊಂಡಿದ್ದವು, ಅಂಚಿಗೆ ಕೂದಲಿನಂಥ ಸಣ್ಣ ಕುಚ್ಚು. ಒಂದು ಕಡೆಯ ರೆಕ್ಕೆಯ ಹುಡಿಯೆಲ್ಲ ಎಣ್ಣೆಗೆ ಹೋಗಿತ್ತು.

ಮಗಳು ಫೋಟೋ ತೆಗೆದು ಫೋನಿನಲ್ಲಿ ಹುಡುಕಿದಳು. ಅದನ್ನೇ ಹೋಲುವ ಒಂದು ಪತಂಗ ಸಿಕ್ಕಿತು. ಮ್ಯಾಪಿನಲ್ಲಿ ಅದು ಕಂಡ ಜಾಗಗಳ ಚುಕ್ಕೆಗಳೆಲ್ಲ ದೇಶದ ನಡುವಿನ ಮರುಭೂಮಿಯಲ್ಲೇ ಇದ್ದವು, ಸಿಡ್ನಿಯ ಸುತ್ತ ಒಂದೂ ಇರಲಿಲ್ಲ.

"ಇಟ್ಸ್ ನಾಟ್ ಸಪೋಸ್ಡ್ ಟು ಬಿ ಹಿಯರ್," ಅಂದಳು.

ಅದೇ ಹೌದೋ ಅಲ್ಲವೋ ಡಾಕ್ಟರಿಗೂ ಗೊತ್ತಿರಲಿಲ್ಲ. ಗಾಳಿಯ ಜೊತೆ ಬಂದಿರಬಹುದು ಅಂದರು. ಅಷ್ಟು ದೂರದ್ದು ನನ್ನ ಕಿವಿಯನ್ನೇ ಹುಡುಕಿಕೊಂಡು ಬಂದಂತೆ ಅನ್ನಿಸಿತು.

ಕಿವಿತಮಟೆಗೆ ಏನೂ ಆಗಿರಲಿಲ್ಲ. ಕೆಲವು ದಿನ ಆ ಕಡೆ ಮಂದವಾಗಿ ಕೇಳಿಸಿ ಸರಿಹೋಯಿತು. ಹೆದರಿಕೆ ಮಾತ್ರ ಬೇಗ ಬಿಡಲಿಲ್ಲ. ಫ್ರಿಜ್ ಗುರ್ ಅಂದರೂ ಬೆಚ್ಚಿ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಆಗೆಲ್ಲ ಮಗಳು ಬಂದು ನನ್ನ ಪಕ್ಕದಲ್ಲಿ ಕೂರುತ್ತಿದ್ದಳು.