ನೀಲಿ ಕೊರಳಿನ ಪುರಾವೆ

ನಮ್ಮ ಪಕ್ಷಿ ವೀಕ್ಷಕರ ಗುಂಪಿನಲ್ಲಿ ಒಳ್ಳೆಯ ಕಣ್ಣಿದ್ದದ್ದು ಒಬ್ಬನಿಗೆ ಮಾತ್ರ. ಉಳಿದವರಿಗೆಲ್ಲ ಕ್ಯಾಮೆರಾ ಇತ್ತು. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಒಂದಿಷ್ಟು ಜನ ಕಂಡ ಹಕ್ಕಿಗಳ ಸುದ್ದಿಯನ್ನು ವಾಟ್ಸಾಪಿನಲ್ಲಿ ಹಂಚಿಕೊಳ್ಳುತ್ತಿದ್ದೆವು. ವರ್ಷದ ಪಟ್ಟಿ ಬರೆಯುವವನು ನಾನು. ಹೈಸ್ಕೂಲಿನ ವಿಜ್ಞಾನ ಮಾಸ್ತರ. ಉತ್ತರಪತ್ರಿಕೆಗೆ ಕೆಂಪು ಗೀಟು ಎಳೆಯುವ ಚಟ ಹಕ್ಕಿಗಳವರೆಗೂ ಬಂದಿತ್ತು.

ಆ ಕಣ್ಣಿನವನು ಸಾಲಗುಂದದ ಕಡೆಯ ಕಾಲುವೆ ಗ್ಯಾಂಗ್‌ಮನ್. ಮೊದಲು ಉರುಲು ಹಾಕಿ ಲಾವಕ್ಕಿ ಹಿಡಿದು ಮಸ್ಕಿ ಸಂತೆಯಲ್ಲಿ ಮಾರುತ್ತಿದ್ದ. ಅಲ್ಲೇ ಅವನನ್ನು ನಿಲ್ಲಿಸಿ, ಬೈದು, ಉಪದೇಶ ಮಾಡಿದವನು ನಾನೇ. ವಾರ ಬಿಟ್ಟು ನಮ್ಮ ಮನೆಯ ಅಂಗಳಕ್ಕೆ ಬಂದು, ತನ್ನಪ್ಪನ ಕಾಲದ ಉರುಲುಗಳನ್ನೆಲ್ಲ ಸುಟ್ಟ.

"ಇನ್ನ ಹಿಡಿಯಂಗಿಲ್ರಿ ಸರ. ಬರೇ ನೋಡ್ತೀನಿ."

"ನಿನ್ನ ಕಣ್ಣಿದ್ರ ಸಾಕಪಾ" ಎಂದು ಗುಂಪಿಗೆ ಸೇರಿಸಿಕೊಂಡೆ. ಒಬ್ಬ ಮನುಷ್ಯನನ್ನು ತಿದ್ದಿದೆ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಎರಡು ವರ್ಷದ ಮೇಲೆ, ಚಳಿಗಾಲಕ್ಕೆ ಬಂದ ಹಕ್ಕಿಗಳು ಉತ್ತರಕ್ಕೆ ಮರಳುವ ಮಾರ್ಚಿನಲ್ಲಿ, ಅವನು ಗುಂಪಿಗೆ ಒಂದು ಫೋಟೋ ಹಾಕಿದ. ಹಳೆಯ ಫೋನಿನಲ್ಲಿ ತೆಗೆದ ಅದರಲ್ಲಿ ಕಾಲುವೆ ಬದಿಯ ಆಪು ಹುಲ್ಲು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಜೊತೆಗೆ ಅವನ ದನಿ ಇತ್ತು: "ಗುಬ್ಬಿಯಷ್ಟ ಐತ್ರಿ. ಕೊರಳೆಲ್ಲ ನೀಲಿ, ನಡುವ ಇಟ್ಟಂಗಿ ಬಣ್ಣದ ಬೊಟ್ಟು. ಬಾಲ ಎತ್ತಿ ಓಡ್ಯಾಡಾಕತ್ತೈತಿ."

ನೀಲಿ ಕೊರಳಿನ ಆ ಹಕ್ಕಿಯನ್ನು ನಮ್ಮಲ್ಲಿ ಯಾರೂ ಈ ಕಡೆ ಕಂಡಿರಲಿಲ್ಲ. ನಾವು ಕಾಣದ್ದನ್ನು ಕಾಲುವೆಯ ಕಸ ತೆಗೆಯುವವನು ಕಾಣುವುದೆಂದರೇನು? ಲಿಂಗಸುಗೂರಿನ ಔಷಧಿ ಅಂಗಡಿಯವನ ಹತ್ತಿರ ಮೊಳದುದ್ದದ ಲೆನ್ಸ್ ಇತ್ತು. "ಯಾವುದೋ ಗುಬ್ಬಿ ಪೇಂಟ್ ಡಬ್ಬ್ಯಾಗ ಬಿದ್ದಿರಬೇಕು ಬಿಡ್ರಿ" ಎಂದು ಅವನು ಬರೆದ. ಅದಕ್ಕೆ ಎಲ್ಲರಿಗಿಂತ ಮೊದಲು ನಗುವ ಮುಖ ಹಾಕಿದವನು ನಾನು. ಆಮೇಲೆ ಎಲ್ಲರೂ ಹಾಕಿದರು.

ಅವನು ನನಗೆ ಫೋನ್ ಮಾಡಿದ. "ಬಂದು ನೋಡ್ರಿ ಸರ. ದಿನಾ ಮುಂಜಾನೆ ಅಲ್ಲೇ ಇರತೈತಿ. ನಾಲ್ಕೈದು ದಿನದಾಗ ಹೊಂಟು ಹೊಕ್ಕೈತಿ."

ಸಿಂಧನೂರಿನಿಂದ ಬೈಕಿನಲ್ಲಿ ಅದೇನು ದೂರ! ಹೋಗಬಹುದಿತ್ತು. ಪರೀಕ್ಷೆಯ ಕೆಲಸ ಎಂದೆ. "ಸುಮ್ಮ ಬಾಯಿಲೆ ಹೇಳಿದ್ರ ಯಾರು ನಂಬ್ತಾರ? ಕಣ್ಣಿಗೆ ಕಾಣೂಹಂಗ ತೋರಸು, ಪಟ್ಟಿಗೆ ಹಾಕ್ತೀನಿ" ಎಂದೆ.

"ತೋರಸ್ತೀನ್ರಿ ಸರ" ಎಂದ.

ಮೂರನೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ದ. ಮಡಿಚಿದ ಟವೆಲ್ಲನ್ನು ಮೆಲ್ಲಗೆ ಬಿಚ್ಚಿದ. ಹಕ್ಕಿ ಇನ್ನೂ ಉಸಿರಾಡುತ್ತಿತ್ತು; ಒಂದು ಕಾಲು ಮುರಿದು ಜೋತಿತ್ತು, ಅದಕ್ಕೆ ಗಾಳದ ನೂಲು ಸುತ್ತಿಕೊಂಡಿತ್ತು. ಹೊಸದಾಗಿ ಉರುಲು ಹೆಣೆದಿದ್ದ. ಕೊರಳು ಅವನು ಹೇಳಿದ ಹಾಗೆಯೇ ನೀಲಿ, ನಡುವೆ ಇಟ್ಟಿಗೆ ಬಣ್ಣದ ಬೊಟ್ಟು.

"ಈಗರ ನಂಬ್ತೀರೇನ್ರಿ ಸರ?"

ಅವನ ಮುಖದಲ್ಲಿ ಹೋಂವರ್ಕ್ ಮಾಡಿ ತಂದ ಹುಡುಗನ ಖುಷಿ ಇತ್ತು. ನಾನು ಮೊದಲು ಫೋಟೋ ತೆಗೆದೆ. ಆಮೇಲೆ ನೀರು ತಂದೆ. ಅಷ್ಟರಲ್ಲಿ ಹಕ್ಕಿ ಸತ್ತಿತ್ತು.

ಫೋಟೋವನ್ನು ಗುಂಪಿಗೆ ಹಾಕಿದ್ದೂ ನಾನೇ. ಲಿಂಗಸುಗೂರಿನವನು ಕೂಡಲೇ ಬರೆದ: "ಹಕ್ಕಿ ಹಿಡಿಯೋನ್ನ ಗುಂಪಿನ್ಯಾಗ ಇಟ್ಕೋತೀರೇನ್ರಿ ಸರ?" ಹಕ್ಕಿ ಹಿಡಿಯಬಾರದು ಎಂಬುದು ಗುಂಪಿನ ಮೊದಲ ನಿಯಮ, ಅದನ್ನು ಬರೆದವನೂ ನಾನು. 'ತೋರಿಸು ಅಂದವನು ನಾನು' ಎಂದು ಟೈಪ್ ಮಾಡಿದೆ, ಅಳಿಸಿದೆ. ಅವನು ಇನ್ನೂ ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಅಲ್ಲೇ, ಅವನೆದುರಿಗೇ, ಅವನನ್ನು ಗುಂಪಿನಿಂದ ತೆಗೆದೆ. ಫೋನು ಅವನ ಜೇಬಿನಲ್ಲಿತ್ತು; ಅದನ್ನು ತೆಗೆದು ನೋಡಿ ಗೊತ್ತಾಗುವ ಹೊತ್ತಿಗೆ ಅವನು ಊರು ಮುಟ್ಟಿರಬೇಕು. ಆ ವರ್ಷದ ಪಟ್ಟಿಯಲ್ಲಿ ಹಕ್ಕಿಯನ್ನು ಸೇರಿಸಿದೆ. ಕಂಡವರು ಯಾರು ಎಂಬಲ್ಲಿ ನನ್ನ ಹೆಸರಿದೆ.

ಈ ಮಾರ್ಚಿನಲ್ಲಿ ನಾವು ಐದಾರು ಜನ ಕ್ಯಾಮೆರಾ ಹೊತ್ತು ಆ ಕಾಲುವೆಗೆ ಹೋದೆವು. ಎರಡು ತಾಸು ಕಣ್ಣು ಕೀಲಿಸಿದರೂ ಒಂದು ರೆಕ್ಕೆ ಕಾಣಲಿಲ್ಲ. ಅವನು ನೀರಿನಲ್ಲಿ ನಿಂತು ಕಸ ಎಳೆಯುತ್ತಿದ್ದ. ನಾಚಿಕೆಗೆಟ್ಟು ಕೇಳಿದೆ: "ಏನರ ಕಂಡೈತೇನಪಾ?"

ಅವನು ಕೈ ನಿಲ್ಲಿಸಿದ. ನನ್ನ ಬೆನ್ನ ಹಿಂದಿನ ಆಪಿನ ಬುಡವನ್ನು ನೋಡಿದ. ಅವನ ಕಣ್ಣು ಅಲ್ಲಿ ಓಡುವ ಏನನ್ನೋ ಹಿಂಬಾಲಿಸಿ ಎಡದಿಂದ ಬಲಕ್ಕೆ ಸರಿಯಿತು. ನಾನು ತಿರುಗಿದೆ. ನನಗೆ ಹುಲ್ಲು ಮಾತ್ರ ಕಂಡಿತು.

"ಏನೂ ಕಂಡಿಲ್ರಿ ಸರ" ಎಂದ.