ಮೂಡಲಿಗೆ ಮುದ್ದೆ

ಚಿಕ್ಕಬಳ್ಳಾಪುರದ ಆಸ್ಪತ್ರೆಯ ಆ ನರ್ಸು, ರೋಗಿಯನ್ನು ಮುಟ್ಟುವ ಮೊದಲು "ನಾನಮ್ಮ, ಸಿಸ್ಟರು" ಎನ್ನುತ್ತಿದ್ದರು.

ರೇಷ್ಮೆಹುಳುವಿನ ಮನೆಯಲ್ಲಿ ಸುಣ್ಣ ಸಿಡಿದು ನಮ್ಮಮ್ಮನ ಎರಡೂ ಕಣ್ಣಿಗೆ ಪಟ್ಟಿ ಬಿದ್ದಿತ್ತು. ಬೆಳಗ್ಗೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಆಗಿತ್ತು. ತಿನ್ನದಿದ್ದರೆ ಪ್ರಜ್ಞೆ ತಪ್ಪುವ ಭಯ. ನಾನು ತುತ್ತು ಹಿಡಿದರೆ ಅಮ್ಮ ಬಾಯಿ ಬಿಡಲಿಲ್ಲ.

"ನಾನೇನು ಕೂಸೇನೋ, ತಿನ್ಸೋಕೆ?"

ಅಮ್ಮ ಎಡ ಬಲ ಎನ್ನುವವಳಲ್ಲ, ಹೊಲದವರ ಹಾಗೆ ಎಲ್ಲಕ್ಕೂ ದಿಕ್ಕು ಹೇಳುವವಳು. ನರ್ಸು ಅದನ್ನು ಗಮನಿಸಿದ್ದರು. ನನ್ನಿಂದ ತಟ್ಟೆ ತೆಗೆದುಕೊಂಡು ಅಮ್ಮನ ತೊಡೆಯ ಮೇಲಿಟ್ಟರು.

"ಅಮ್ಮಾ, ಕೆನ್ನೆಗೆ ಬೆಳಗಿನ ಬಿಸಿಲು ಬೀಳ್ತೈತಲ್ಲ, ಅದೇ ಮೂಡ್ಲು. ಮೂಡ್ಲಿಗೆ ಮುದ್ದೆ, ಪಡುವಲಿಗೆ ಸಾರು."

ಅಮ್ಮನ ಬೆರಳು ನೆಟ್ಟಗೆ ಮುದ್ದೆಗೆ ಹೋಯಿತು. ಮುರಿದಳು, ಅದ್ದಿದಳು, ನುಂಗಿದಳು. ಚೆಲ್ಲಿದ ಸಾರನ್ನು ಒರೆಸಲು ಹೋದರೆ ನರ್ಸು ನನ್ನ ಕೈ ಹಿಡಿದರು.

"ಯಾರೇ ಮಾಡಿದ್ದು ಈ ಸಾರು? ಉಪ್ಪೇ ಇಲ್ಲ," ಎಂದಳು ಅಮ್ಮ.

"ಬಯ್ಯೋಕೆ ಶುರು ಮಾಡಿದ್ರು," ಎಂದರು ನರ್ಸು. "ಇನ್ನು ನೀವು ಹೋಗಿ ಕಾಫಿ ಕುಡೀರಿ ಸಾರ್."