ದೊಡ್ಡವ್ವ ಹೇಳದ ಹೆಸರು

ಗಂಡನ ಹೆಸರು ಬಾಯಲ್ಲಿ ತರಬಾರದು ಎಂಬ ರಿವಾಜು ನಮ್ಮ ಕಡೆ ಇನ್ನೂ ಪೂರಾ ಹೋಗಿಲ್ಲ. ಆದರೆ ನಮ್ಮ ದೊಡ್ಡವ್ವ ಗುರುಬಾಯಿಯದು ಅತಿಯಾಯಿತು. ಮದುವೆಯಾಗಿ ಭಾಲ್ಕಿಯಿಂದ ಹೈದರಾಬಾದಿನ ಕಾಚಿಗೂಡದ ಬಾಡಿಗೆ ಮನೆಗೆ ಬಂದವಳು ಇಡೀ ಸಂಸಾರವನ್ನು 'ಏನ್ರೀ' ಎಂಬ ಒಂದೇ ಮಾತಿನ ಮೇಲೆ ನಡೆಸಿದಳು. ಆಸ್ಪತ್ರೆಯ ಕೌಂಟರಿನಲ್ಲಿ ಗಂಡನ ಹೆಸರು ಕೇಳಿದರೆ, "ಪರಳಿ ಕೆ ಭಗವಾನ್ ಕಾ ನಾಮ್ ಲಿಖೋ", ಅಂದರೆ ಪರಳಿಯ ದೇವರ ಹೆಸರು ಬರೆದುಕೊಳ್ಳಿ, ಎನ್ನುತ್ತಿದ್ದಳು. ಕೌಂಟರಿನ ತೆಲುಗು ಹುಡುಗಿಗೆ ಪರಳಿಯೂ ಗೊತ್ತಿಲ್ಲ, ಅಲ್ಲಿನ ವೈಜನಾಥನೂ ಗೊತ್ತಿಲ್ಲ. ಹಿಂದೆ ನಿಂತವರು ಗೊಣಗಲು ಶುರು ಮಾಡಿದ ಮೇಲೆ ನಾನೇ ದೊಡ್ಡಪ್ಪನ ಹೆಸರು ಹೇಳಬೇಕಾಗುತ್ತಿತ್ತು.

ಮದುವೆ ಮನೆಗಳಲ್ಲಿ ಹೆಂಗಸರು ಒಡಪು ಕಟ್ಟಿ, ಪದ್ಯದ ನೆವದಲ್ಲಿ ಗಂಡನ ಹೆಸರು ಹೇಳುತ್ತಾರಲ್ಲ, ಸರಿಯಾಗಿ ಆ ಹೊತ್ತಿಗೆ ಆಕೆಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ದೊಡ್ಡಪ್ಪ ಗಂಡಸರ ನಡುವೆ ಕಿವಿ ಇತ್ತ ಕೊಟ್ಟು ಕಾದದ್ದೇ ಬಂತು.

"ಒಮ್ಮಿ ಆಕಿ ಬಾಯಾಗ ನನ್ನ ಹೆಸರು ಕೇಳಬೇಕು ನೋಡವ್ವಾ. ಅಷ್ಟೂ ಆಸೆ ಪಡಬಾರದೇನು?" ಎಂದು ನನ್ನ ಮುಂದೆ ಹೇಳಿಕೊಳ್ಳುತ್ತಿದ್ದರು. ನಾನು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ.

ಜೀಡಿಮೆಟ್ಲಾದ ಔಷಧ ಕಾರ್ಖಾನೆಯಿಂದ ಅವರು ನಿವೃತ್ತರಾಗಿ ಎಷ್ಟೋ ವರ್ಷಗಳ ಮೇಲೆ ದೊಡ್ಡವ್ವ ಮರೆಯತೊಡಗಿದಳು. ಚಾಳೀಸು ಕನ್ನಡಕ ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವುದು, ಪಕ್ಕದ ಮನೆಯ ನಲಿನಿಯನ್ನು ಸುಹಾಸಿನಿ ಎಂದು ಕರೆದು ನಾಲಿಗೆ ಕಚ್ಚಿಕೊಳ್ಳುವುದು. ಕೋಠಿಯ ಡಾಕ್ಟರು ಹೆದರಬೇಡಿ ಎಂದರು. ಮರೆತದ್ದು ಆಮೇಲೆ ನೆನಪಾದರೆ ಅದು ವಯಸ್ಸು. ದಿನದ ಕೆಲಸವೇ ಕೈತಪ್ಪಿದರೆ, ಗೊತ್ತಿರುವ ದಾರಿ, ಗೊತ್ತಿರುವ ಮುಖ ಗುರುತು ಸಿಗದಿದ್ದರೆ ಮಾತ್ರ ತಡಮಾಡದೆ ಕರೆತನ್ನಿ ಎಂದರು. ದೊಡ್ಡಪ್ಪ ಆ ಮಾತಿನ ಮೊದಲರ್ಧವನ್ನಷ್ಟೇ ಮನೆಗೆ ತಂದರು.

ಚಹಾಕ್ಕೆ ನೀರಿಟ್ಟು, ಮುಂದೇನು ಎಂದು ತಿಳಿಯದೆ ಆಕೆ ಒಲೆಯ ಮುಂದೆ ನಿಂತದ್ದನ್ನು ನಾನೇ ಕಂಡೆ. ತರಕಾರಿಗೆ ಹೋದವಳು ಕಾಚಿಗೂಡದ ನಮ್ಮ ಓಣಿಯಲ್ಲೇ ನಿಂತು, ಕಾಚಿಗೂಡಕ್ಕೆ ಬಿಡಪ್ಪಾ ಎಂದು ಆಟೋದವನನ್ನು ಕೇಳಿದಳಂತೆ.

"ಬಿಸಲಿಗೆ ಹಂಗಾಗತೈತಿ. ಎಲ್ಲಾರಿಗೂ ಆಗತೈತಿ," ಎಂದರು ದೊಡ್ಡಪ್ಪ.

ನನಗೆ ಸಿಟ್ಟು ಬಂತು. ಬಿಸಿಲು ಹೈದರಾಬಾದಿನವರಿಗೆಲ್ಲ ಒಂದೇ, ಎಲ್ಲರೂ ಮನೆಯ ದಾರಿ ಮರೆಯುವುದಿಲ್ಲ ಎಂದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೋದ ಶ್ರಾವಣದ ಒಂದು ಸಂಜೆ ನಾನು ಅವರ ಮನೆಯಲ್ಲಿದ್ದೆ. ಪೂಜೆಗೆ ಹೂ ತರಲು ಹೋಗಿದ್ದ ದೊಡ್ಡಪ್ಪ ಬಂದು ಬಾಗಿಲು ತಟ್ಟಿದರು. ತೆರೆದವಳು ದೊಡ್ಡವ್ವ. ಅವರನ್ನು ನೋಡಿದಳು, ಸೆರಗು ಸರಿಮಾಡಿಕೊಂಡಳು. ಹೊರಗಿನವರೊಡನೆ ಆಡುವ ದನಿಯಲ್ಲಿ ಹೇಳಿದಳು:

"ವೈಜನಾಥ ಅವ್ರು ಇನ್ನಾ ಬಂದಿಲ್ರಿ. ಕಾರ್ಖಾನಿ ಬಸ್ ಬರೂ ಹೊತ್ತಾತು. ಒಳಗ ಬಂದು ಕೂಡ್ರಿ."

ದೊಡ್ಡಪ್ಪನ ಮುಖ ಅರಳಿತು. ಸುಳ್ಳು ಯಾಕೆ ಹೇಳಲಿ, ಮೊದಲು ಅರಳಿತು. ಆಮೇಲೆ ಆಕೆ ತಮ್ಮನ್ನು ದಾಟಿ ಮೆಟ್ಟಿಲ ಕಡೆ ಇಣುಕುತ್ತಿರುವುದು ಕಂಡು ಬಣ್ಣಗೆಟ್ಟಿತು.

"ಯಾರು ಬಂದಿಲ್ಲಂದ್ರಿ?" ಎಂದು ಮೆಲ್ಲಗೆ ಕೇಳಿದರು. ಖಾತ್ರಿ ಮಾಡಿಕೊಳ್ಳಲು ಕೇಳಿದರೋ, ಇನ್ನೊಮ್ಮೆ ಕೇಳುವ ಆಸೆಗೋ, ನನಗೆ ತಿಳಿಯಲಿಲ್ಲ.

"ವೈಜನಾಥ. ನಮ್ಮ ಯಜಮಾನ್ರು. ಅವ್ರು ಬಾರದ ನಾ ಉಣ್ಣೂದಿಲ್ರಿ."

"ನಾನ ಬಂದೀನಲ್ಲ," ಎಂದರು ದೊಡ್ಡಪ್ಪ. ದೊಡ್ಡವ್ವ ಮರ್ಯಾದೆಗೆ ತಲೆಯಾಡಿಸಿ ಬಾಗಿಲಲ್ಲೇ ನಿಂತಳು. ರೊಟ್ಟಿ ತಣ್ಣಗಾದವು. ನನಗೆ ಅಳು ತಡೆಯಲಾಗಲಿಲ್ಲ.

ಮರುದಿನ ದೊಡ್ಡಪ್ಪ ತಾವೇ ಆಕೆಯನ್ನು ಡಾಕ್ಟರ ಬಳಿ ಕರೆದುಕೊಂಡು ಹೋದರು. ಪರೀಕ್ಷೆಗಳಾದವು, ಮಾತ್ರೆಗಳು ಬಂದವು. ಇದು ವಯಸ್ಸಿನ ಮರೆವಲ್ಲ, ಮರೆವಿನ ಕಾಯಿಲೆ, ವಾಸಿಯಾಗುವಂಥದ್ದಲ್ಲ, ಕೆಲವು ದಿನ ಗುರುತು ಹಿಡಿಯುತ್ತಾರೆ, ಕೆಲವು ದಿನ ಇಲ್ಲ ಎಂದು ಡಾಕ್ಟರು ಹೇಳಿದರು.

ಈಗ ದೊಡ್ಡವ್ವ ಬಾಗಿಲಲ್ಲಿ ನಿಂತು, ಮೆಟ್ಟಿಲು ಹತ್ತಿ ಬಂದವರನ್ನೆಲ್ಲ ವೈಜನಾಥ ಎಲ್ಲಿ ಎಂದು ಕೇಳುತ್ತಾಳೆ. ದೊಡ್ಡಪ್ಪ ಪಕ್ಕದಲ್ಲೇ ನಿಂತಿರುತ್ತಾರೆ. ಮೊನ್ನೆ ನನ್ನ ಕೈ ಹಿಡಿದುಕೊಂಡು ಹೇಳಿದರು:

"ಹೆಸರು ಬ್ಯಾಡವ್ವಾ ನನಗ. ನನ್ನ ಕಡೆ ನೋಡಿ ಒಮ್ಮಿ 'ಏನ್ರೀ' ಅಂದ್ರ ಸಾಕು."